ರೇಡಾರ್ ಗನ್ ಮುಂದೆ ಹದಿನಾರರ ಹುಡುಗ

ಅಮೆರಿಕದಲ್ಲಿ ಕಾಲೇಜು ಬೇಸ್‌ಬಾಲ್ ತಂಡಕ್ಕೆ ಪಿಚರ್ ಬೇಕಾದಾಗ ಕೋಚ್ ಮೊದಲು ವಿಚಾರಿಸುವುದು ಹುಡುಗನ ಚೆಂಡು ಗಂಟೆಗೆ ಎಷ್ಟು ಮೈಲಿ ವೇಗದಲ್ಲಿ ಹೋಗುತ್ತದೆ ಎಂಬುದನ್ನು. ಬೇರೆ ಗುಣಗಳ ಮಾತು ಆಮೇಲೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಹದಿನೈದು, ಹದಿನಾರು ವಯಸ್ಸಿನ ಹುಡುಗರು ಈ ಒಂದು ಅಂಕಿಯನ್ನು ಏರಿಸಿಕೊಳ್ಳಲು ಬೇಸಿಗೆ ಚಳಿಗಾಲವೆನ್ನದೆ ಮೈಯ ಕಸುವನ್ನೆಲ್ಲ ಹಾಕಿ ಎಸೆಯುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ದೂರು ಹೊರುವವರು ಆಸೆಬುರುಕ ತಂದೆತಾಯಿ, ಇಲ್ಲವೇ ಹಣಕ್ಕಾಗಿ ಟೂರ್ನಿ ನಡೆಸುವ ಕಂಪನಿಗಳು. ಅವರ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಯಾವ ಗುಣಕ್ಕೆ ಎಷ್ಟು ಬೆಲೆ ಎಂದು ತೀರ್ಮಾನಿಸುವವರು ಕಾಲೇಜಿನವರು. ಅವರು ಏನು ಕೇಳುತ್ತಾರೋ ಅದನ್ನೇ ಮನೆಯವರೂ ಟೂರ್ನಿಯವರೂ ತಂದು ಒಪ್ಪಿಸುತ್ತಿದ್ದಾರೆ. ಹುಡುಗರ ಮೊಣಕೈ ಉಳಿಯಬೇಕಾದರೆ ಬದಲಾಗಬೇಕಾದದ್ದು ಮೊದಲು ಆ ಬೇಡಿಕೆ ಎಂಬುದು ನನ್ನ ವಾದ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಪಿಚರ್‌ನ ಕೆಲಸ ಹೊರನೋಟಕ್ಕೆ ಬೌಲರ್‌ನ ಕೆಲಸದಂತೆಯೇ ಕಾಣುತ್ತದೆ. ದೇಹಕ್ಕೆ ಬೀಳುವ ಪೆಟ್ಟು ಮಾತ್ರ ಬೇರೆ. ವೇಗದ ಬೌಲರ್ ದೂರದಿಂದ ಓಡಿ ಬಂದು, ಮೊಣಕೈಯನ್ನು ಹೆಚ್ಚುಕಡಿಮೆ ನೆಟ್ಟಗಿಟ್ಟುಕೊಂಡು ತೋಳು ತಿರುಗಿಸುತ್ತಾನೆ. ಅವನ ಗಾಯ ಹೆಚ್ಚಾಗಿ ಬೆನ್ನಿನ ಕೆಳಭಾಗದ್ದು. ಕರ್ನಾಟಕದ ಪ್ರಸಿದ್ಧ ಕೃಷ್ಣ 2022ರಿಂದ 2023ರವರೆಗೆ ಸುಮಾರು ಒಂದು ವರ್ಷ ಆಟದಿಂದ ದೂರ ಉಳಿದದ್ದು ಬೆನ್ನುಮೂಳೆಯಲ್ಲಿ ಬಿಟ್ಟ ಬಿರುಕಿನಿಂದ. ಪಿಚರ್‌ಗೆ ಓಟವಿಲ್ಲ. ಹತ್ತು ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ ಒಂದು ಹೆಜ್ಜೆ ಮುಂದಿಟ್ಟು, ಮಡಚಿದ ಮೊಣಕೈಯನ್ನು ಬೀಸಿ, 60 ಅಡಿ 6 ಅಂಗುಲ ದೂರದ ಬ್ಯಾಟರ್ ಕಡೆಗೆ ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯಬೇಕು. ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ವೇಗದ ಚೆಂಡು 0.4 ಸೆಕೆಂಡಿನಷ್ಟರಲ್ಲಿ ಅಲ್ಲಿಗೆ ಮುಟ್ಟುತ್ತದೆ. ಆ ವೇಗಕ್ಕಾಗಿ ಭುಜ ಒಳಮುಖವಾಗಿ ತಿರುಗುವ ರಭಸ ಸೆಕೆಂಡಿಗೆ 7,000 ಡಿಗ್ರಿಯನ್ನು ಮೀರುತ್ತದೆ. ಈ ತಿರುಗುವಿಕೆಯನ್ನು ತಡೆದು ಹಿಡಿಯುವ ಭಾರ ಮೊಣಕೈಯ ಒಳಬದಿಯ ಒಂದು ಸಣ್ಣ ಲಿಗಮೆಂಟಿನ ಮೇಲೆ, ಅಂದರೆ ಎರಡು ಮೂಳೆಗಳನ್ನು ಬಿಗಿದಿಡುವ ನಾರಿನ ಪಟ್ಟಿಯ ಮೇಲೆ ಬೀಳುತ್ತದೆ.

ಆ ಪಟ್ಟಿಗೆ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್ ವರ್ಷಗಟ್ಟಲೆ ಅಳೆದಿದೆ. ಅಲ್ಲಿನ ಗ್ಲೆನ್ ಫ್ಲೈಸಿಗ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಬಲಿತ ಪಿಚರ್ ಒಬ್ಬ ಪೂರ್ಣ ಶಕ್ತಿಯಿಂದ ಎಸೆದಾಗ ಮೊಣಕೈ ಸುಮಾರು 64 ನ್ಯೂಟನ್ ಮೀಟರ್ ತಿರುಚು ಬಲವನ್ನು ತಾಳಬೇಕು. ಶವಗಳಿಂದ ತೆಗೆದ ಲಿಗಮೆಂಟುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅವು ಹರಿದದ್ದು ಸುಮಾರು 32ರಲ್ಲಿ. ಉಳಿದ ಭಾರವನ್ನು ಸುತ್ತಲಿನ ಸ್ನಾಯುಗಳೂ ಮೂಳೆಯ ಜೋಡಣೆಯೂ ಹೊರುತ್ತವೆ. ಅಂದರೆ ಪ್ರತಿ ಪೂರ್ಣ ಎಸೆತದಲ್ಲೂ ಈ ಪಟ್ಟಿ ಹರಿಯುವ ಅಂಚಿನಲ್ಲೇ ಕೆಲಸ ಮಾಡುತ್ತಿರುತ್ತದೆ. ಸ್ನಾಯು ದಣಿದರೆ ಅದರ ಪಾಲೂ ಪಟ್ಟಿಯ ಮೇಲೇ ಬೀಳುತ್ತದೆ. ಇದು ಬೆಳೆದ ಗಂಡಸಿನ ಲೆಕ್ಕ. ಹದಿಹರೆಯದ ಹುಡುಗನಲ್ಲಿ ಮೊಣಕೈಯ ಮೂಳೆ ಬೆಳೆಯುವ ಜಾಗಗಳೇ ಇನ್ನೂ ಮುಚ್ಚಿಕೊಂಡಿರುವುದಿಲ್ಲ. ಸ್ನಾಯುವನ್ನು ವ್ಯಾಯಾಮದಿಂದ ಬೇಗ ಬೆಳೆಸಬಹುದು. ಲಿಗಮೆಂಟು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಇಂದಿನ ತರಬೇತಿ ಕೇಂದ್ರಗಳು ಒಂದೇ ಚಳಿಗಾಲದಲ್ಲಿ ಹುಡುಗನ ವೇಗವನ್ನು ಹಲವು ಮೈಲಿ ಏರಿಸಿ ಕಳಿಸಬಲ್ಲವು. ಹೆಚ್ಚಿದ ವೇಗ ತಾಳುವಷ್ಟು ಅವನ ಮೊಣಕೈ ಅಷ್ಟರಲ್ಲಿ ಬಲಿತಿರುವುದಿಲ್ಲ.

ಇಷ್ಟು ಅಪಾಯವಿದ್ದರೂ ಎಲ್ಲರೂ ವೇಗದ ಬೆನ್ನು ಹತ್ತಿರುವುದಕ್ಕೆ ಕಾರಣ ಸ್ಪಷ್ಟ: ಅಳೆಯಲು ಅದರಷ್ಟು ಸುಲಭವಾದದ್ದು ಇನ್ನೊಂದಿಲ್ಲ. ವಿಚಿತ್ರವೆಂದರೆ ಅಳೆಯುವ ಸಾಧನ ಹುಟ್ಟಿದ್ದೂ ಕಾಲೇಜಿನಲ್ಲಿಯೇ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಕೋಚ್ ಆಗಿದ್ದ ಡ್ಯಾನಿ ಲಿಟ್‌ವೈಲರ್ 1974ರಲ್ಲಿ, ಅತಿವೇಗದ ಕಾರುಗಳನ್ನು ಹಿಡಿಯಲು ಪೊಲೀಸರು ಬಳಸುತ್ತಿದ್ದ ರೇಡಾರ್‌ನಿಂದ ಚೆಂಡಿನ ವೇಗವನ್ನೂ ಅಳೆಯಬಹುದಲ್ಲ ಎಂದು ಯೋಚಿಸಿದರು. ಅದರಿಂದ ಹುಟ್ಟಿದ್ದು ಜಗ್ಸ್ ಗನ್. ಅದಕ್ಕೂ ಮೊದಲು ಪಿಚರ್‌ನನ್ನು ಆರಿಸಬೇಕಾದರೆ ಅವನ ಆಟವನ್ನು ಕೂತು ನೋಡಬೇಕಿತ್ತು: ಚೆಂಡು ಬೇಕಾದ ಜಾಗಕ್ಕೆ ಬೀಳುತ್ತದೆಯೇ, ಬ್ಯಾಟರ್‌ನ ಲೆಕ್ಕ ತಪ್ಪಿಸಬಲ್ಲನೇ, ಏಳನೇ ಇನ್ನಿಂಗ್ಸ್‌ನಲ್ಲಿ ದಣಿದಾಗ ಏನು ಮಾಡುತ್ತಾನೆ, ತಪ್ಪಾದ ಮೇಲೆ ಹೇಗೆ ಚೇತರಿಸಿಕೊಳ್ಳುತ್ತಾನೆ. ಇವನ್ನೆಲ್ಲ ಅರಿಯಲು ಹಲವು ಪಂದ್ಯ ಬೇಕು. ವೇಗ ತಿಳಿಯಲು ಐದು ನಿಮಿಷ ಸಾಕು. ಅದನ್ನು ಹಾಳೆಯ ಮೇಲೆ ಬರೆದು, ಫ್ಲಾರಿಡಾದ ಹುಡುಗನನ್ನೂ ಓರೆಗಾನ್‌ನ ಹುಡುಗನನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಸಮಯವೂ ಹಣವೂ ಕಡಿಮೆ ಇರುವ ಕೋಚ್‌ಗೆ ಇದು ದೊಡ್ಡ ಅನುಕೂಲ. ಈ ಅನುಕೂಲದ ಸುತ್ತಲೇ ಶೋಕೇಸ್ ಎಂಬ ಪ್ರದರ್ಶನ ಕೂಟಗಳ ಉದ್ಯಮ ಬೆಳೆಯಿತು. ಅಯೋವಾದಲ್ಲಿ 1995ರಲ್ಲಿ ಆರಂಭವಾದ ಪರ್ಫೆಕ್ಟ್ ಗೇಮ್ ಇವುಗಳಲ್ಲಿ ಹೆಸರಾದದ್ದು. ಮನೆಯವರು ಶುಲ್ಕ ಕಟ್ಟುತ್ತಾರೆ, ಹುಡುಗ ಕೋಚ್‌ಗಳ ಮುಂದೆ ಕೆಲವೇ ಎಸೆತ ಎಸೆಯುತ್ತಾನೆ, ಅವನ ವೇಗ ದಾಖಲಾಗುತ್ತದೆ. ಎಸೆಯುವುದೇ ಇಪ್ಪತ್ತು ಮೂವತ್ತು ಚೆಂಡು ಎಂದಾದರೆ ಯಾವ ಹುಡುಗ ತಾನೇ ಶಕ್ತಿ ಉಳಿಸಿಕೊಳ್ಳುತ್ತಾನೆ?

ಪಣಕ್ಕಿರುವುದೂ ಸಣ್ಣದಲ್ಲ. ಹೈಸ್ಕೂಲು ತಂಡಗಳಲ್ಲಿ ಬೇಸ್‌ಬಾಲ್ ಆಡುವ ಹುಡುಗರು ಸುಮಾರು 4.8 ಲಕ್ಷ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಕೊಡುವ ಅಂದಾಜಿನಂತೆ ನೂರರಲ್ಲಿ ಏಳು ಮಂದಿಗೆ ಅದರ ಯಾವುದಾದರೂ ದರ್ಜೆಯ ತಂಡ ಸಿಗುತ್ತದೆ. ಮೇಲ್ದರ್ಜೆಯಾದ ಡಿವಿಷನ್ ಒನ್ ಸಿಗುವುದು ಇಬ್ಬರಿಗೆ. ತಂಡ ಸಿಕ್ಕರೆ ಓದು ಉಚಿತ ಎಂದು ನಮ್ಮಲ್ಲಿ ಬಹಳ ಜನ ಭಾವಿಸುತ್ತಾರೆ. ಬೇಸ್‌ಬಾಲ್‌ನಲ್ಲಿ ಹಾಗಿರಲಿಲ್ಲ. 2025ರವರೆಗೆ ಡಿವಿಷನ್ ಒನ್ ತಂಡವೊಂದು ಕೊಡಬಹುದಾಗಿದ್ದ ಪೂರ್ಣ ಸ್ಕಾಲರ್‌ಶಿಪ್‌ಗಳು 11.7 ಮಾತ್ರ, ಬಹುಕಾಲ ಅವನ್ನು 27 ಆಟಗಾರರವರೆಗೆ ತುಂಡುಮಾಡಿ ಹಂಚುವ ಪದ್ಧತಿಯಿತ್ತು. ಕಾಲು ಭಾಗದ ಶುಲ್ಕ ವಿನಾಯಿತಿಗಾಗಿ, ಅದೂ ಸಿಗುತ್ತದೆಂಬ ಖಾತರಿಯಿಲ್ಲದೆ, ಮನೆಯವರು ವರ್ಷಗಟ್ಟಲೆ ಪ್ರಯಾಣಕ್ಕೂ ತರಬೇತಿಗೂ ಹಣ ಸುರಿದಿದ್ದಾರೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ರಾಜಿಯಿಂದ ಈ ಮಿತಿ ಹೋಯಿತು. ಅದಕ್ಕೆ ಒಳಪಟ್ಟ ಕಾಲೇಜುಗಳು ಈಗ ತಂಡದ ಎಲ್ಲರಿಗೂ ಪೂರ್ಣ ನೆರವು ಕೊಡಬಹುದು, ಆದರೆ ತಂಡದಲ್ಲಿ 34 ಜನರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಒಟ್ಟಿನಲ್ಲಿ ಬಹುಮಾನ ದೊಡ್ಡದಾಯಿತು, ಬಾಗಿಲು ಕಿರಿದಾಯಿತು.

ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ. ವೃತ್ತಿಪರ ಆಟದ ಆಡಳಿತ ನಡೆಸುವ ಮೇಜರ್ ಲೀಗ್ ಬೇಸ್‌ಬಾಲ್ 2024ರ ಡಿಸೆಂಬರ್‌ನಲ್ಲಿ ಪಿಚರ್‌ಗಳ ಗಾಯಗಳ ಬಗ್ಗೆ ವಿಸ್ತೃತ ವರದಿಯೊಂದನ್ನು ಹೊರತಂದಿತು. ಪರ್ಫೆಕ್ಟ್ ಗೇಮ್‌ನ ರಾಷ್ಟ್ರೀಯ ಶೋಕೇಸ್‌ನಲ್ಲಿ 95 ಮೈಲಿ ಮುಟ್ಟಿದ ಹೈಸ್ಕೂಲು ಹುಡುಗರು 2014ರಲ್ಲಿ ಐವರಿದ್ದರೆ 2024ರಲ್ಲಿ 36 ಮಂದಿ ಇದ್ದರು ಎನ್ನುತ್ತದೆ ಆ ವರದಿ. ವೇಗವನ್ನೂ ಪ್ರತಿ ಎಸೆತಕ್ಕೂ ಪೂರ್ಣ ಶಕ್ತಿ ಹಾಕುವ ಅಭ್ಯಾಸವನ್ನೂ ಅದು ಗಾಯಗಳ ಮುಖ್ಯ ಕಾರಣಗಳಲ್ಲಿ ಎಣಿಸಿದೆ; ಬೇರು ಹುಡುಗರ ಆಟದಲ್ಲಿಯೇ ಇದೆ ಎಂದೂ ಹೇಳಿದೆ. ವೈದ್ಯರ ಲೆಕ್ಕ ಅದಕ್ಕೂ ಹಳೆಯದು. ಶಸ್ತ್ರಚಿಕಿತ್ಸೆಗೆ ಒಳಗಾದ 95 ಹದಿಹರೆಯದ ಪಿಚರ್‌ಗಳನ್ನು ಗಾಯವಾಗದ 45 ಮಂದಿಯೊಂದಿಗೆ ಹೋಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಸ್ಪರ್ಧೆಯಲ್ಲಿ ಎಸೆಯುವವರ ಅಪಾಯ ಐದು ಪಟ್ಟು, ದಣಿದ ತೋಳಿನಿಂದ ಪದೇಪದೇ ಎಸೆಯುವವರದ್ದು 36 ಪಟ್ಟು ಎಂದು ಕಂಡುಬಂತು. 85 ಮೈಲಿಗಿಂತ ಹೆಚ್ಚಿನ ವೇಗವೂ ಅಪಾಯವನ್ನು ಎರಡೂವರೆ ಪಟ್ಟಿಗೆ ಏರಿಸುತ್ತಿತ್ತು. 2007ರಿಂದ 2011ರವರೆಗೆ ಅಮೆರಿಕದಲ್ಲಿ ನಡೆದ ಈ ಲಿಗಮೆಂಟ್ ಮರುಜೋಡಣೆಗಳನ್ನು ಲೆಕ್ಕ ಹಾಕಿದ ಇನ್ನೊಂದು ಅಧ್ಯಯನ, ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 56.7ರಷ್ಟು ಜನ, 15ರಿಂದ 19ರ ವಯಸ್ಸಿನವರು ಎಂದು ತೋರಿಸಿತು. ಕಾಲೇಜುಗಳು ಆಟಗಾರರನ್ನು ಹುಡುಕುವ ವಯಸ್ಸೂ ಇದೇ.

ವೇಗ ಗೆಲ್ಲಿಸುತ್ತದೆ, ಗೆಲ್ಲಿಸುವುದನ್ನು ಕೇಳಿದರೆ ಕೋಚ್‌ನ ತಪ್ಪೇನು ಎಂಬ ಪ್ರಶ್ನೆ ಸಹಜ. ವೇಗ ಗೆಲ್ಲಿಸುವುದು ನಿಜ. ಚೆಂಡು ವೇಗವಾದಷ್ಟೂ ಬ್ಯಾಟರ್‌ಗೆ ನಿರ್ಧರಿಸಲು ಸಮಯ ಕಡಿಮೆ. ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ 91.3 ಮೈಲಿ ಇದ್ದದ್ದು 2024ಕ್ಕೆ 94.2ಕ್ಕೆ ಏರಿದ್ದು ಸುಮ್ಮನೆ ಅಲ್ಲ. ಆದರೆ ಕೋಚ್‌ಗೆ ಬೇಕಾದದ್ದು ಹುಡುಗ ಇಪ್ಪತ್ತರ ವಯಸ್ಸಿನಲ್ಲಿ ತನ್ನ ತಂಡಕ್ಕೆ ಆಡುವಾಗಿನ ವೇಗ. ಅವನು ಅಳೆಯುತ್ತಿರುವುದು ಹದಿನಾರರಲ್ಲಿ ಶೋಕೇಸ್ ದಿನ ಕಂಡ ವೇಗ. ಇವೆರಡರ ನಡುವಿನ ನಂಟು ಅವನು ನಂಬಿದಷ್ಟು ಗಟ್ಟಿಯಲ್ಲ. ಹುಡುಗರು ಒಂದೇ ಹದದಲ್ಲಿ ಬೆಳೆಯುವುದಿಲ್ಲ. ಹದಿನೈದಕ್ಕೇ ಗಂಡಸಿನ ಮೈಕಟ್ಟು ಬಂದವನು ಮುಂದೆ ಅಲ್ಲೇ ನಿಲ್ಲಬಹುದು, ತಡವಾಗಿ ಬೆಳೆದವನು ಅವನನ್ನು ದಾಟಬಹುದು. ಜೇಕಬ್ ಡಿಗ್ರಾಮ್ ಫ್ಲಾರಿಡಾದ ಸ್ಟೆಟ್ಸನ್ ವಿಶ್ವವಿದ್ಯಾಲಯ ಸೇರಿದ್ದು ಶಾರ್ಟ್‌ಸ್ಟಾಪ್ ಆಗಿ, ಅಂದರೆ ಫೀಲ್ಡರ್ ಆಗಿ. ಪಿಚಿಂಗ್‌ಗೆ ತಿರುಗಿದ್ದು ಮೂರನೇ ವರ್ಷದಲ್ಲಿ. 2018 ಮತ್ತು 2019ರಲ್ಲಿ ತನ್ನ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಅವನದಾಯಿತು. ಪಾಲ್ ಸ್ಕೀನ್ಸ್ ಏರ್ ಫೋರ್ಸ್ ಅಕಾಡೆಮಿಯಲ್ಲಿ ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಿಯೂ ಆಡುತ್ತಿದ್ದವನು. ಆಮೇಲೆ ಲೂಯಿಸಿಯಾನಾ ಸ್ಟೇಟ್‌ಗೆ ಬಂದು ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ 2023ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಇವರಿಬ್ಬರು ಅಪವಾದಗಳಿರಬಹುದು. ಆದರೆ ಎದುರು ದಿಕ್ಕಿನ ಉದಾಹರಣೆಗಳಿಗೂ ಬರವಿಲ್ಲ. 2014ರ ಡ್ರಾಫ್ಟ್‌ನಲ್ಲಿ ಮೊದಲ ಎರಡು ಆಯ್ಕೆಗಳು ಹೈಸ್ಕೂಲು ಪಿಚರ್‌ಗಳಾದ ಬ್ರೇಡಿ ಏಕನ್ ಮತ್ತು ಟೈಲರ್ ಕೋಲೆಕ್. ಕೋಲೆಕ್ ಆಗಲೇ 100 ಮೈಲಿ ಎಸೆಯುತ್ತಿದ್ದ ಹುಡುಗ. ಇಬ್ಬರ ಮೊಣಕೈಗೂ ಶಸ್ತ್ರಚಿಕಿತ್ಸೆಯಾಯಿತು, ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಅತ್ಯುತ್ತಮ ತಜ್ಞರೂ ಅಪಾರ ಹಣವೂ ಇರುವ ವೃತ್ತಿಪರ ತಂಡಗಳೇ ಹೀಗೆ ತಪ್ಪುವಾಗ, ಒಂದು ಮಧ್ಯಾಹ್ನ ರೇಡಾರ್ ಗನ್ ಹಿಡಿದು ನಿಂತ ಸಹಾಯಕ ಕೋಚ್ ಎಷ್ಟು ಸರಿಯಾಗಿ ಆರಿಸಬಲ್ಲ?

ಶಸ್ತ್ರಚಿಕಿತ್ಸೆ ಇದೆಯಲ್ಲ, ಹರಿದರೆ ಹೊಲಿಸಿಕೊಳ್ಳಬಹುದು ಎಂಬ ಮಾತೂ ಕೇಳಿಬರುತ್ತದೆ. 1974ರ ಸೆಪ್ಟೆಂಬರ್ 25ರಂದು ಡಾ. ಫ್ರ್ಯಾಂಕ್ ಜೋಬ್ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಅವರ ಎಡ ಮೊಣಕೈಗೆ ದೇಹದ ಬೇರೆಡೆಯಿಂದ ತೆಗೆದ ಸ್ನಾಯುರಜ್ಜುವನ್ನು ಪೋಣಿಸಿ ಹೊಸ ಲಿಗಮೆಂಟ್ ಮಾಡಿದರು. ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದರು; ಅವರ 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ನಂತರ. ವೈದ್ಯವಿದ್ಯೆಯ ದೊಡ್ಡ ಸಾಧನೆ ಇದು, ಅನುಮಾನವಿಲ್ಲ. ಇಂದು ಈ ಚಿಕಿತ್ಸೆ ಪಡೆದ ಆಟಗಾರರಲ್ಲಿ ಹತ್ತಕ್ಕೆ ಎಂಟು ಮಂದಿ ಹಿಂದಿನ ಮಟ್ಟಕ್ಕೆ ಮರಳುತ್ತಾರೆ. ಆದರೆ ಟಾಮಿ ಜಾನ್ ಆಗ 31 ವರ್ಷದವರು, ಅದು ಅವರ ಜೀವನೋಪಾಯ. ಹದಿನಾರರ ಹುಡುಗನಿಗೆ ಇದರಿಂದ ಒಂದು ವರ್ಷದಿಂದ ಒಂದೂವರೆ ವರ್ಷ ಹೋಗುತ್ತದೆ, ಅದೂ ಕೋಚ್‌ಗಳು ನೋಡಲು ಬರುವ ವರ್ಷ; ಹತ್ತರಲ್ಲಿ ಉಳಿದ ಇಬ್ಬರು ಹಿಂದಿನಂತೆ ಎಸೆಯುವುದೇ ಇಲ್ಲ. ಚಿಕಿತ್ಸೆ ಸುಲಭವೆಂಬ ನಂಬಿಕೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಹೈಸ್ಕೂಲು ಆಟಗಾರರ ಪೈಕಿ ಅರ್ಧದಷ್ಟು ಮಂದಿ, ಗಾಯವಿಲ್ಲದಿದ್ದರೂ ಆಟ ಸುಧಾರಿಸಲು ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು ಎಂದಿದ್ದರು. ತಮ್ಮ ಹೆಸರಿನ ಚಿಕಿತ್ಸೆ ಮಕ್ಕಳವರೆಗೂ ಇಳಿದಿರುವುದರ ವಿರುದ್ಧ ಟಾಮಿ ಜಾನ್ ಅವರೇ ಬಹಿರಂಗವಾಗಿ ಬರೆದಿದ್ದಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ತೊಂದರೆ ವೇಗದಿಂದ ಬಂದದ್ದಲ್ಲ, ಅತಿಯಾಗಿ ಎಸೆಯುವುದರಿಂದ. ಎಸೆತಗಳ ಸಂಖ್ಯೆಗೆ ಮಿತಿ ಹಾಕಿದರೆ ಸಾಕು ಎನ್ನುತ್ತಾರೆ ಕೆಲವರು. ಜಪಾನ್ ಅವರ ಕೈಗೆ ಸಿಗುವ ಉದಾಹರಣೆ. ಅಲ್ಲಿನ ಹೈಸ್ಕೂಲು ಟೂರ್ನಿ ಕೋಶಿಯೆನ್‌ನಲ್ಲಿ 2018ರ ಬೇಸಿಗೆಯಲ್ಲಿ ಕೋಸೇ ಯೋಶಿದಾ ಎಂಬ ಹುಡುಗ ಒಂದೇ ಟೂರ್ನಿಯಲ್ಲಿ 881 ಎಸೆತ ಎಸೆದ. ಅದರ ನಂತರ ನಡೆದ ಚರ್ಚೆಯ ಫಲವಾಗಿ 2020ರಿಂದ ವಾರಕ್ಕೆ 500ರ ಮಿತಿ ಬಂತು. ಅಮೆರಿಕದಲ್ಲೂ ಮಿತಿಗಳಿವೆ. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ 2007ರಲ್ಲೇ ಎಸೆತಗಳನ್ನು ಎಣಿಸತೊಡಗಿತು. 2017ರಿಂದ ಹೈಸ್ಕೂಲು ಆಟಕ್ಕೂ ಮಿತಿ ಕಡ್ಡಾಯವಾಯಿತು. 481 ಹುಡುಗರನ್ನು ಹತ್ತು ವರ್ಷ ಗಮನಿಸಿದ ಫ್ಲೈಸಿಗ್ ತಂಡದ ಅಧ್ಯಯನವೂ ವರ್ಷಕ್ಕೆ 100 ಇನ್ನಿಂಗ್ಸ್ ಮೀರಿದವರಿಗೆ ಗಂಭೀರ ಗಾಯದ ಸಂಭವ ಮೂರೂವರೆ ಪಟ್ಟು ಎಂದು 2011ರಲ್ಲಿ ಹೇಳಿತು. (ಬಹುಕಾಲ ಎಲ್ಲರೂ ಶಪಿಸುತ್ತಿದ್ದ ಕರ್ವ್‌ಬಾಲ್, ಅಂದರೆ ತಿರುವು ಎಸೆತ, ಚಿಕ್ಕ ವಯಸ್ಸಿನಲ್ಲಿ ಎಸೆದರೆ ಅಪಾಯ ಹೆಚ್ಚುತ್ತದೆ ಎಂದು ತೋರಿಸಲು ಮಾತ್ರ ಅದಕ್ಕೆ ಆಗಲಿಲ್ಲ.) ಆದ್ದರಿಂದ ಅತಿಯಾದ ಎಸೆತ ಅಪಾಯ ಎಂಬುದನ್ನು ಒಪ್ಪಲೇಬೇಕು. ಆದರೆ ಹುಡುಗ ಅತಿಯಾಗಿ ಎಸೆಯುವುದು ಯಾತಕ್ಕೆ? ಹೈಸ್ಕೂಲಿನ ಪಂದ್ಯಕ್ಕೆ ಮಿತಿಯಿದೆ. ಭಾನುವಾರ ಬೇರೆ ರಾಜ್ಯದಲ್ಲಿ ನಡೆಯುವ ಶೋಕೇಸ್‌ಗೆ, ಅದರ ಹಿಂದಿನ ಖಾಸಗಿ ತರಬೇತಿಗೆ, ಗ್ಯಾರೇಜಿನಲ್ಲಿ ಬಲೆ ಕಟ್ಟಿಕೊಂಡು ಮಾಡುವ ವಿಡಿಯೊಗೆ ಎಣಿಸುವವರಿಲ್ಲ. ಅಲ್ಲದೆ ಮಿತಿ ಎಣಿಸುವುದು ಚೆಂಡುಗಳನ್ನು, ಒಂದೊಂದು ಚೆಂಡಿನ ಹಿಂದಿನ ಬಲವನ್ನಲ್ಲ. ಎಂಬತ್ತು ಭಾಗ ಶಕ್ತಿಯಿಂದ ಎಸೆದ ನೂರು ಚೆಂಡಿಗೂ ಪೂರ್ಣ ಶಕ್ತಿಯ ನೂರು ಚೆಂಡಿಗೂ ಅದು ಒಂದೇ ಲೆಕ್ಕ ಬರೆಯುತ್ತದೆ. ಅತಿಯಾಗಿ ಎಸೆಯುವುದೂ ಅತಿವೇಗವಾಗಿ ಎಸೆಯುವುದೂ ಒಂದೇ ಬೇಡಿಕೆಯಿಂದ ಹುಟ್ಟುತ್ತಿವೆ.

ಚೆಂಡಿನ ವೇಗವೊಂದನ್ನೇ ನೋಡಿ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದ ನಂಟಿರುವ ಒಂದು ಉದಾಹರಣೆಯೂ ಇದೆ. 2008ರಲ್ಲಿ ಮಿಲಿಯನ್ ಡಾಲರ್ ಆರ್ಮ್ ಎಂಬ ಸ್ಪರ್ಧೆ ಉತ್ತರ ಪ್ರದೇಶದ ರಿಂಕು ಸಿಂಗ್ (ಇವರು ಕ್ರಿಕೆಟಿಗ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್ ಎಂಬ ಜಾವೆಲಿನ್ ಎಸೆತಗಾರರನ್ನು ರೇಡಾರ್ ಗನ್ ನೆಚ್ಚಿ ಆರಿಸಿತು. ಬೇಸ್‌ಬಾಲ್ ಗೊತ್ತೇ ಇಲ್ಲದ ಇಬ್ಬರೂ ಕೆಲವೇ ತಿಂಗಳಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡದ್ದು ಸಾಧನೆಯೇ. ಆದರೆ ಇಬ್ಬರೂ ಕಿರಿಯ ಲೀಗ್‌ಗಳನ್ನು ದಾಟಲಿಲ್ಲ. ರಿಂಕು ಮೊಣಕೈಗೂ ಅದೇ ಶಸ್ತ್ರಚಿಕಿತ್ಸೆ ಬೇಕಾಯಿತು.

ಇತ್ತೀಚಿನ ಬದಲಾವಣೆಗಳು ಹುಡುಗರ ಸ್ಥಿತಿಯನ್ನು ಇನ್ನಷ್ಟು ಬಿಗಡಾಯಿಸಿವೆ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ವ್ಯವಸ್ಥೆ ಬಂದು, ಒಂದು ಕಾಲೇಜಿನ ಆಟಗಾರ ಇನ್ನೊಂದಕ್ಕೆ ಹೋಗುವುದು ಕ್ರಮೇಣ ಸಲೀಸಾಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಮಾಡಬಹುದು. ವೃತ್ತಿಪರ ಡ್ರಾಫ್ಟ್ 40 ಸುತ್ತುಗಳಿಂದ 20ಕ್ಕೆ ಇಳಿದದ್ದರಿಂದ ಹಿಂದೆ ಅತ್ತ ಹೋಗುತ್ತಿದ್ದವರೂ ಕಾಲೇಜಿನಲ್ಲೇ ಉಳಿಯುತ್ತಾರೆ. ಹೀಗಾಗಿ ದೊಡ್ಡ ಕಾಲೇಜಿನ ಕೋಚ್ ಹದಿನೇಳರ ಹುಡುಗನನ್ನು ತಂದು ಬೆಳೆಸುವ ಬದಲು, ಬೇರೆಡೆ ಎರಡು ಮೂರು ವರ್ಷ ಆಡಿ ಪಳಗಿದ ಇಪ್ಪತ್ತೊಂದರ ಪಿಚರ್‌ನನ್ನೇ ತರಬಲ್ಲ. ಅವನ ದೃಷ್ಟಿಯಿಂದ ಇದು ಜಾಣತನ, ಆಟಗಾರನ ಸ್ವಾತಂತ್ರ್ಯವೂ ಹೆಚ್ಚಿತು. ಹಳೆಯ ನಿರ್ಬಂಧಗಳು ಮರಳಲಿ ಎಂದು ನಾನು ಬಯಸುವುದಿಲ್ಲ. ಆದರೆ ಹೈಸ್ಕೂಲು ಹುಡುಗನಿಗೆ ಉಳಿದ ಜಾಗ ಕಡಿಮೆಯಾದಷ್ಟೂ ಅವನು ಹಿಡಿಯುವ ದಾರಿ ಒಂದೇ: ಇನ್ನೂ ಎರಡು ಮೈಲಿ ವೇಗ. ಹರಿದ ಮೊಣಕೈಯ ಖರ್ಚು ಮನೆಯವರದು, ನೋವು ಹುಡುಗನದು. ಆ ಅಂಕಿಯನ್ನು ಕೇಳಿದ ಕಾಲೇಜಿಗೆ ಯಾವ ನಷ್ಟವೂ ಇಲ್ಲ. ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಫೋನ್ ಮಾಡಿದರಾಯಿತು. ತಪ್ಪಿನ ಬೆಲೆ ತೆರದವರಿಗೆ ತಪ್ಪು ತಿದ್ದಿಕೊಳ್ಳುವ ತುರ್ತೂ ಇರುವುದಿಲ್ಲ.

ಮನಸ್ಸು ಮಾಡಿದರೆ ನಿಯಮಗಳು ಬದಲಾಗುತ್ತವೆ ಎಂಬುದಕ್ಕೆ ಬೇಸ್‌ಬಾಲೇ ಸಾಕ್ಷಿ. ಕೆಲವು ವರ್ಷಗಳ ಹಿಂದಿನವರೆಗೂ ಎಂಟನೇ ತರಗತಿಯ ಹುಡುಗರು ಇಂಥ ಕಾಲೇಜಿಗೇ ಆಡುತ್ತೇನೆಂದು ಬಾಯಿಮಾತಿನ ಒಪ್ಪಂದ ಮಾಡಿಕೊಳ್ಳುತ್ತಿದ್ದರು. 2023ರ ವಸಂತದಲ್ಲಿ ಎನ್‌ಸಿಎಎ, ಹುಡುಗ ಹೈಸ್ಕೂಲಿನ ಮೂರನೇ ವರ್ಷಕ್ಕೆ ಕಾಲಿಡುವ ಆಗಸ್ಟ್ 1ರವರೆಗೆ ಡಿವಿಷನ್ ಒನ್ ಕೋಚ್‌ಗಳು ಅವನೊಂದಿಗೆ ನೇಮಕಾತಿಯ ಮಾತಾಡಕೂಡದು ಎಂದು ಕಟ್ಟಪ್ಪಣೆ ಮಾಡಿತು. ಯಾವ ತಂಡವೂ ಅದರಿಂದ ಮುಳುಗಲಿಲ್ಲ, ಏಕೆಂದರೆ ನಿಯಮ ಎಲ್ಲರಿಗೂ ಒಂದೇ. ಒಬ್ಬ ಕೋಚ್ ಮಾತ್ರ ವೇಗ ನೋಡುವುದನ್ನು ಬಿಟ್ಟರೆ ಎದುರಾಳಿಗಳ ಮುಂದೆ ಹಿಂದೆ ಬೀಳುತ್ತಾನೆ ಎಂಬ ವಾದಕ್ಕೂ ಇದೇ ಉತ್ತರ. ಮೇಜರ್ ಲೀಗ್ ಮತ್ತು ಯುಎಸ್ಎ ಬೇಸ್‌ಬಾಲ್ 2014ರಲ್ಲಿ ರೂಪಿಸಿದ ಪಿಚ್ ಸ್ಮಾರ್ಟ್ ಮಾರ್ಗಸೂಚಿ, ಹದಿಹರೆಯದ ಪಿಚರ್‌ಗೆ ವರ್ಷದಲ್ಲಿ ನಾಲ್ಕು ತಿಂಗಳ ಬಿಡುವು ಬೇಕು, ಅದರಲ್ಲಿ ಎರಡು ಮೂರು ತಿಂಗಳಾದರೂ ಬಿಡದೆ ವಿಶ್ರಾಂತಿ ಇರಬೇಕು ಎನ್ನುತ್ತದೆ. ಅದು ಸಲಹೆ ಮಾತ್ರ. ಎನ್‌ಸಿಎಎ ನೇಮಕಾತಿ ಕ್ಯಾಲೆಂಡರ್‌ನಲ್ಲಿ ಚಳಿಗಾಲದ ತಿಂಗಳುಗಳು ಈಗಾಗಲೇ ಶಾಂತ ಅವಧಿ. ಆಗ ಕೋಚ್ ಊರೂರು ತಿರುಗಿ ಹುಡುಗರ ಆಟ ನೋಡುವಂತಿಲ್ಲ. ಆದರೆ ಹುಡುಗ ಒಳಾಂಗಣದಲ್ಲಿ ಎಸೆದು, ರಾಪ್ಸೋಡೊ ಅಥವಾ ಟ್ರ್ಯಾಕ್‌ಮನ್ ಯಂತ್ರ ಬರೆದ ಅಂಕಿಯನ್ನು ವಿಡಿಯೊ ಸಮೇತ ಕಳಿಸಬಹುದು. ಕೋಚ್‌ಗೆ ರಜೆ ಸಿಕ್ಕಿತು, ಹುಡುಗನ ಮೊಣಕೈಗೆ ಸಿಗಲಿಲ್ಲ.

ಎನ್‌ಸಿಎಎ ಮಾಡಬೇಕಾದದ್ದು ಇಷ್ಟು: ಶಾಂತ ಅವಧಿಯಲ್ಲಿ ಹೈಸ್ಕೂಲು ಪಿಚರ್‌ನ ವೇಗದ ಅಂಕಿಯನ್ನಾಗಲಿ ಎಸೆತದ ವಿಡಿಯೊವನ್ನಾಗಲಿ ಯಾವ ಕಾಲೇಜೂ ಸ್ವೀಕರಿಸಕೂಡದು, ಆ ತಿಂಗಳುಗಳಲ್ಲಿ ಕ್ಯಾಂಪಸ್ಸಿನ ಶಿಬಿರಗಳಲ್ಲಿ ಅವನಿಂದ ಚೆಂಡು ಎಸೆಯಿಸಕೂಡದು ಎಂಬ ನಿಯಮವನ್ನು ಅದೇ ಕ್ಯಾಲೆಂಡರ್‌ಗೆ ಸೇರಿಸಬೇಕು. ಉಳಿದ ತಿಂಗಳುಗಳಲ್ಲಿ ಕೋಚ್‌ಗಳು ವೇಗದ ಜೊತೆಗೆ ಹಿಂದಿನ ವರ್ಷದ ಒಟ್ಟು ಎಸೆತಗಳ ಮತ್ತು ವಿಶ್ರಾಂತಿಯ ಲೆಕ್ಕವನ್ನೂ ಕೇಳಬೇಕು. ವಿಶ್ರಾಂತಿ ಪಡೆದ ತೋಳಿಗೆ ಬೆಲೆಯಿದೆ ಎಂದು ಗೊತ್ತಾದ ದಿನ ಮನೆಯವರೇ ಅದನ್ನು ಜೋಪಾನ ಮಾಡುತ್ತಾರೆ. ನಿಯಮ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಅಮೆರಿಕದಲ್ಲಿ ಬೇಸ್‌ಬಾಲ್ ಆಡುವ ಮಕ್ಕಳಿರುವ ಕನ್ನಡ ಕುಟುಂಬಗಳೂ ಸೇರಿದಂತೆ ಯಾವುದೇ ತಂದೆತಾಯಿ ಕೋಚ್ ಮನೆಗೆ ಬಂದಾಗ ಕೇಳಬಹುದಾದ ಪ್ರಶ್ನೆ ಅದು: ನಿಮ್ಮ ತಂಡದ ಪಿಚರ್‌ಗಳಲ್ಲಿ ಕಳೆದ ನಾಲ್ಕು ವರ್ಷದಲ್ಲಿ ಎಷ್ಟು ಮಂದಿಗೆ ಮೊಣಕೈ ಶಸ್ತ್ರಚಿಕಿತ್ಸೆ ಆಗಿದೆ, ಅವರಲ್ಲಿ ಎಷ್ಟು ಮಂದಿ ಈಗಲೂ ತಂಡದಲ್ಲಿದ್ದಾರೆ? ಉತ್ತರ ಸಿಗುವವರೆಗೆ ಒಪ್ಪಂದಕ್ಕೆ ಸಹಿ ಹಾಕಬೇಡಿ.